ಎಳಿ ಸರಿ ಐತಿ

ಬೇರೆ ಊರುಗಳಲ್ಲಿ ಯಾರಾದರೂ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದಂತೆ. ನಮ್ಮೂರಲ್ಲಿ ಬೆಳಕು ಬರುತ್ತದೆ. ಪ್ರತಿ ಮನೆಯ ಪಡಸಾಲೆಯ ಗೂಡಿನಲ್ಲಿ ಒಂದು ಗಾಜಿನ ದೀಪ, ಅದರ ಬುಡಕ್ಕೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಆ ಎಳೆ ಗೋಡೆಯೊಳಗಿಂದ ಹೊರಟು, ಓಣಿ ದಾಟಿ, ಊರಿನ ಬಡಗಣ ದಿಕ್ಕಿನ ಸವಳು ಬಯಲನ್ನು ದಾಟಿ, ಉಪ್ಪಿನ ದಿಬ್ಬದಲ್ಲಿ ನಮ್ಮವರು ಮಲಗುವ ಕೋಣೆಗೆ ಹೋಗಿ ಮುಟ್ಟುತ್ತದೆ. ಅಲ್ಲಿ ಅವರು ನಮ್ಮನ್ನು ನೆನೆದರೆ ಇಲ್ಲಿಯ ದೀಪ ಹತ್ತುತ್ತದೆ. ಇಲ್ಲಿ ನಾವು ನೆನೆದರೆ ಅಲ್ಲಿಯದು.

ಸಂಜೆ ಕಟ್ಟೆಯ ಮೇಲೆ ಕೂತ ಹೆಂಗಸರು ಒಬ್ಬರನ್ನೊಬ್ಬರು ಕೇಳುವುದು ಅಡಿಗೆ ಏನೆಂದಲ್ಲ, "ನಿಮ್ಮ ಮನಿದು ಹತ್ತೇತೇನವಾ?" ಎಂದು. ಹತ್ತಿದ ದೀಪದ ಬೆಳಕಿನಲ್ಲಿ ಕಾಳು ಆರಿಸಿ, ಎಣ್ಣೆ ಉಳಿಯಿತು ಎನ್ನುತ್ತಾರೆ. ಊಟದ ಹೊತ್ತಿಗೆ ಝಗ್ಗನೆ ಹತ್ತಿದರೆ, ಅಲ್ಲಿ ಇವತ್ತು ಸಾರು ಕೆಟ್ಟಿದೆ, ಅದಕ್ಕೇ ಮನೆ ನೆನಪಾಗಿದೆ ಎಂದು ನಗುತ್ತಾರೆ. ಪ್ರತಿ ಮನೆಯಿಂದ ಒಬ್ಬರು ಉಪ್ಪು ತೆಗೆಯಲು ದಿಬ್ಬಕ್ಕೆ ಹೋಗಲೇಬೇಕು, ಒಂದು ಪಾಳಿ ಎಂದರೆ ಬೇಸಿಗೆಯಿಂದ ಬೇಸಿಗೆಗೆ. ಬಯಲು ಬೇಸಿಗೆಯಲ್ಲಿ ಮಾತ್ರ ಒಣಗಿ, ಗಾಡಿ ತಡೆಯುವಷ್ಟು ಗಟ್ಟಿಯಾಗುತ್ತದೆ. ಉಳಿದ ಕಾಲವೆಲ್ಲ ಎತ್ತಿನ ಹೊಟ್ಟೆ ಮುಟ್ಟುವ ಕೆಸರು. ಗಾಡಿಯವರ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಬಹುದು, ಆದರೆ ನಮ್ಮಲ್ಲಿ ಬಾಯಿಮಾತಿಗೆ ಅಂಥ ಬೆಲೆಯಿಲ್ಲ. ಚೆನ್ನಾಗಿದ್ದೇನೆ ಎಂದು ಯಾರು ಬೇಕಾದರೂ ಹೇಳುತ್ತಾರೆ.

ನನ್ನ ಹೆಸರು ದ್ಯಾಮಣ್ಣ. ಹರಿದ ಎಳೆ ಬೆಸೆಯುವುದು ನನ್ನ ಕೆಲಸ. ಎಲೆಯಡಿಕೆ ಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದಿದೆ. ಅದರೊಳಗೆ ಎರಡು ಸೂಜಿ, ಎದುರುಬದುರು. ಎಳೆಯ ಎರಡು ತುದಿಗಳನ್ನು ಅವುಗಳ ನಡುವೆ ಇಟ್ಟು ಗುಂಡಿ ಒತ್ತಿದರೆ ಕಿಡಿ ಹಾರುತ್ತದೆ, ಗಾಜು ಕರಗಿ ಒಂದಾಗುತ್ತದೆ. ನಾನು ಬೆಸೆದ ಮೇಲೆ ಗುರುಪಾದಯ್ಯನವರು ಬಂದು ಮೀಟರು ಹಚ್ಚುತ್ತಾರೆ. ಊರಿನ ಅಳತೆಯೆಲ್ಲ ಅವರದೇ. ಮೀಟರು ತನ್ನ ಬೆಳಕನ್ನು ಎಳೆಯೊಳಗೆ ಬಿಟ್ಟು, ದಾರಿಯಲ್ಲಿ ಎಷ್ಟು ಸೋರಿತು ಎಂದು ನೋಡುತ್ತದೆ. ಮುಳ್ಳು ಹಸಿರು ಗೆರೆಯ ಮೇಲೆ ನಿಂತರೆ ಅವರು ತಲೆ ಎತ್ತಿ, "ಎಳಿ ಸರಿ ಐತಿ," ಎನ್ನುತ್ತಾರೆ.

ಆ ಮಾತು ಕೇಳಲು ಎಷ್ಟು ಹಿತವೋ ನಮ್ಮೂರಲ್ಲಿ ಅಷ್ಟೇ ಕ್ರೂರ. ದೀಪ ಮಿಣುಕುತ್ತಿರುವಾಗ ಎಳೆ ಸರಿಯಿದೆ ಎಂದರೆ, ಕೆಟ್ಟಿರುವುದು ಗಾಜಲ್ಲ, ಆ ಕಡೆಯವರ ಮನಸ್ಸು.

ನಮ್ಮ ಮನೆಯ ಪಾಳಿ ಬಂದಾಗ ಹೋಗಬೇಕಾಗಿದ್ದವನು ನಾನು. ಬೆಸೆಯುವವನನ್ನು ಊರು ಬಿಡುವುದಿಲ್ಲವಾದ್ದರಿಂದ ನನ್ನ ಹೆಂಡತಿ ನೀಲವ್ವ ಹೋದಳು. ಗಾಡಿಯ ಮೇಲೆ ಗಂಟು ಮೂಟೆಯ ನಡುವೆ ಕೂತು, "ದಿನಾ ಸಂಜಿಮುಂದ ನೆನಸ್ತೀನಿ. ಆ ಹೊತ್ತಿಗೆ ಮನ್ಯಾಗ ಇರ್ರಿ. ಓಣ್ಯಾಗ ಹರಟಿ ಹೊಡಕೋತ ಕುಂದರಬ್ಯಾಡ್ರಿ," ಎಂದಳು. ಮಾತಿಗೆ ತಪ್ಪಲಿಲ್ಲ. ಮೊದಲ ಮಳೆಗಾಲ ಪೂರ್ತಿ ನಮ್ಮ ದೀಪದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಬಹುದಿತ್ತು. ನಾನು ಹರಟೆಗೆ ಹೋಗುವುದನ್ನೇ ಬಿಟ್ಟೆ. ಗೆಳೆಯರು, "ದ್ಯಾಮಣ್ಣಗ ಸಂಜಿ ಆತಂದ್ರ ಸಂಸಾರ," ಎಂದು ಕಾಡಿಸುತ್ತಿದ್ದರು. ಕಾಡಿಸಿದರೆ ಕಾಡಿಸಲಿ ಎಂದು ಸುಖವಾಗಿದ್ದೆ.

ಆಮೇಲೆ ಒಂದು ದಿನ ಬಯಲಿನ ಅಂಚಿನಲ್ಲಿ ಯಾರದೋ ಎಮ್ಮೆ ಕೆಸರಲ್ಲಿ ಹೊರಳಾಡಿ ನಮ್ಮ ಎಳೆ ಹರಿಯಿತು. ನಾನೇ ಬೆಸೆದೆ. ಅಷ್ಟು ಜತನವಾಗಿ ಯಾರ ಎಳೆಯನ್ನೂ ಬೆಸೆದಿರಲಿಲ್ಲ. ಗುರುಪಾದಯ್ಯನವರು ಮೀಟರು ಹಚ್ಚಿ, ಸರಿ ಐತಿ ಎಂದರು. ಆ ಸಂಜೆ ದೀಪ ಮಿಣುಕಿತು. ದಣಿದಿದ್ದಾಳೆ ಎಂದುಕೊಂಡೆ. ಮರುದಿನ, ಜ್ವರವಿರಬೇಕು ಎಂದುಕೊಂಡೆ. ಆಮೇಲೆ ಏನೆಂದುಕೊಳ್ಳುವುದೆಂದು ತಿಳಿಯಲಿಲ್ಲ. ಬಯಲು ಗಟ್ಟಿಯಾಗಿ ಗಾಡಿಗಳು ಬಂದವು. ಅವಳ ಪಾಳಿ ಮುಗಿದಿತ್ತು, ಅವಳು ಬರಲಿಲ್ಲ. ಗಾಡಿಯವನು ಒಂದು ಚೀಲ ಉಪ್ಪು ಇಳಿಸಿ, "ಆರಾಮ ಅದಾಳ. ಇನ್ನೊಂದು ಪಾಳಿ ಅಲ್ಲೇ ಇರ್ತಾಳಂತ," ಎಂದು ಹೇಳಿ, ನನ್ನ ಮುಖ ನೋಡದೆ ಎತ್ತು ಹೊಡೆದುಕೊಂಡು ಹೋದ.

ಊರಿನವರು ಒಳ್ಳೆಯವರು. ಎದುರುಮನೆಯ ಸಾವಂತ್ರವ್ವ, ಗಂಡ ದಿಬ್ಬದಲ್ಲಿರುವ ಬಸುರಿ ಹೆಂಗಸು, ದಿನಾ ರೊಟ್ಟಿ ಪಲ್ಯ ಕೊಟ್ಟು ಹೋಗುತ್ತಿದ್ದಳು. ಯಾರೂ ನಮ್ಮ ಪಡಸಾಲೆಯ ಗೂಡಿನ ಕಡೆ ನೋಡುತ್ತಿರಲಿಲ್ಲ. ಹಾಗೆ ನೋಡದೇ ಇರುವುದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಮನೆಯಲ್ಲಿ ಒಬ್ಬನೇ ಇರುವುದು ಕಷ್ಟವಲ್ಲ, ರೂಢಿಯಾಗುತ್ತದೆ. ಮಿಣುಕು ದೀಪದ ಎದುರು ಒಬ್ಬನೇ ಇರುವುದು ಬೇರೆ.

ಅದಕ್ಕೇ ನಮ್ಮಲ್ಲಿ ಒಂದು ಕಟ್ಟಳೆ. ಎಳೆ ಸರಿಯಿದ್ದೂ ದೀಪ ವರ್ಷವೆಲ್ಲ ಮಿಣುಕಿದರೆ, ಬಯಲು ಮತ್ತೆ ಗಟ್ಟಿಯಾಗುವ ಮುಂಚೆ ಮನೆಯವರು ತಮ್ಮ ಕೈಯಾರೆ ಅದನ್ನು ಕತ್ತರಿಸಬೇಕು. ಊರ ಹಿರಿಯಳು ಕಾಶವ್ವ ಸೊಂಟಕ್ಕೆ ಸಿಕ್ಕಿಸಿಕೊಂಡ ಕತ್ತರಿ ತಂದು ಕೊಡುತ್ತಾಳೆ. ಆಮೇಲೆ ಆ ಕಡೆಯವರು ಈ ಮನೆಯವರಲ್ಲ, ಅವರಿಗಾಗಿ ಗಾಡಿಯಲ್ಲಿ ಜಾಗ ಇಡುವುದಿಲ್ಲ. ಕಾದು ಕಾದು ಹುಚ್ಚಾಗುವುದಕ್ಕಿಂತ ಕತ್ತರಿಸಿಕೊಳ್ಳುವುದು ಮೇಲು ಎನ್ನುತ್ತಾಳೆ ಕಾಶವ್ವ. ತನ್ನ ಒಡಹುಟ್ಟಿದ ಅಣ್ಣನ ಎಳೆಯನ್ನೂ ಅವಳು ಹಾಗೇ ಕತ್ತರಿಸಿಕೊಂಡವಳು. ಈ ಚಳಿಗಾಲ ಕಳೆದರೆ ನನ್ನ ಸರದಿ. ಒಂದು ಬೆಳಿಗ್ಗೆ ದಾರಿಯಲ್ಲಿ ಸಿಕ್ಕು, "ಮನಸ್ಸು ಗಟ್ಟಿ ಮಾಡ್ಕೋ ತಮ್ಮಾ," ಎಂದು ಬೆನ್ನು ಸವರಿದಳು. ನಾನು ತಲೆಯಾಡಿಸಿದೆ. ನನಗೂ ಮೀಟರಿನ ಮೇಲೆ ನಂಬಿಕೆಯಿತ್ತು, ನೀಲವ್ವನ ಮೇಲಿದ್ದುದಕ್ಕಿಂತ ಹೆಚ್ಚು.

ಅಷ್ಟರಲ್ಲಿ ಸಾವಂತ್ರವ್ವ ಹೆತ್ತಳು, ಹೆಣ್ಣು. ತೊಟ್ಟಿಲಿಗೆ ಹಾಕುವ ದಿನ ನಮ್ಮಲ್ಲಿ ಒಂದು ಪದ್ಧತಿ: ಮಾರುದ್ದದ ಹೊಸ ಎಳೆಯ ಒಂದು ತುದಿಯನ್ನು ತಾಯಿಯ ಎದೆಗೆ ಆನಿಸಿ, ಇನ್ನೊಂದು ತುದಿಯನ್ನು ತೊಟ್ಟಿಲಿನ ಮೇಲಿನ ದೀಪಕ್ಕೆ ಕಟ್ಟುತ್ತೇವೆ. ಕೂಸು ಕಣ್ಣೆದುರಿಗೇ ಇರುವಾಗ ನೆನೆಯುವುದೇನು ಬಂತು ಎಂದು ಯಾರೂ ಕೇಳುವುದಿಲ್ಲ. ದೀಪ ಉರಿಯುವ ರಭಸಕ್ಕೆ ಹೆಂಗಸರು ಕಣ್ಣಿಗೆ ಸೆರಗು ಅಡ್ಡ ಹಿಡಿಯುತ್ತಾರೆ, ಆಮೇಲೆ ಗುಗ್ಗರಿ ಹಂಚುತ್ತಾರೆ. ಅವತ್ತೂ ಹಾಗೇ ಉರಿಯಿತು. ಎಲ್ಲರೂ ಜೋಗುಳ ಶುರು ಮಾಡುವಷ್ಟರಲ್ಲಿ ಕೂಸು ಕೈ ಬೀಸಿ ಎಳೆ ಹಿಡಿದು ಜಗ್ಗಿತು. ಪಟ್ಟನೆ ಹರಿಯಿತು.

"ನಿನ್ನ ಮಗಳು ಈಗಿಂದ್ಲೇ ದ್ಯಾಮಣ್ಣಗ ಕೆಲಸ ಹಚ್ಚಿದಳು ನೋಡು," ಎಂದು ಯಾರೋ ನಗಿಸಿದರು. ಯಂತ್ರ ಹೆಗಲಲ್ಲೇ ಇತ್ತು, ಅಲ್ಲೇ ಕೂತು ಬೆಸೆದೆ. ಸಾವಂತ್ರವ್ವ ಎಳೆಯನ್ನು ಮತ್ತೆ ಎದೆಗೆ ಹಚ್ಚಿಕೊಂಡಳು. ದೀಪ ಅರ್ಧಕ್ಕರ್ಧ ಮಂಕಾಗಿ ಹತ್ತಿತು.

ಅವಳ ಅತ್ತೆ ದೀಪವನ್ನು ನೋಡಿದಳು, ಆಮೇಲೆ ಸೊಸೆಯನ್ನು. ಗುರುಪಾದಯ್ಯನವರು ರೂಢಿಯಂತೆ ಮುಂದೆ ಬಂದು, ಮೀಟರು ಹಚ್ಚಿ, ಮುಳ್ಳು ನೋಡಿ, "ಎಳಿ ಸರಿ ಐತಿ," ಎಂದುಬಿಟ್ಟರು. ಏನು ಹೇಳಿದೆನೆಂದು ಅವರಿಗೆ ಗೊತ್ತಾದದ್ದು ಹೇಳಿದ ಮೇಲೆ.

ಸಾವಂತ್ರವ್ವ ಕೂಸನ್ನು ಎದೆಗವಚಿಕೊಂಡು ಎದ್ದಳು. "ಏನಂದ್ರಿ ಅಯ್ಯನವ್ರ? ಇನ್ನೊಮ್ಮೆ ಅನ್ರಿ. ನನ್ನ ಕೂಸಿನ ಮ್ಯಾಲ ನನಗ ಅರ್ಧಾ ಮನಸ್ಸು ಐತಂತ ಈ ಡಬ್ಬಿ ಹೇಳತೈತೇನು? ಈಗ ಉರಿಯಾಕತ್ತಿತ್ತಲ್ಲ, ಗುಗ್ಗರಿ ನುಂಗೂದರಾಗ ನನ್ನ ಹೊಟ್ಟೆಯೊಳಗಿನ ಮಾಯೆ ಆರಿಹೋತೇನು? ಹಾಕ್ರಿ ಇದನ್ನ ಬಾವಿಗೆ!"

ನಾನು ಚೀಲದಿಂದ ಇನ್ನೊಂದು ಮಾರು ಹೊಸ ಎಳೆ ತೆಗೆದು, ಬೆಸುಗೆಯಿಲ್ಲದ್ದನ್ನು, ಅವಳ ಎದೆಗೂ ದೀಪಕ್ಕೂ ಹಚ್ಚಿದೆ. ದೀಪ ಝಗ್ಗೆಂದಿತು. "ಮೀಟರು ಹಚ್ರಿ," ಎಂದೆ. ಮುಳ್ಳು ಹಸಿರು ಗೆರೆಯ ಮೇಲೆ. ಆಮೇಲೆ ಅದನ್ನೇ ಕತ್ತರಿಸಿ, ಬೇಕೆಂದೇ ಸೊಟ್ಟಗೆ, ತುದಿಗೆ ತುದಿ ಸರಿಯಾಗಿ ಕೂಡದ ಹಾಗೆ ಬೆಸೆದೆ. ದೀಪ ಹೆಚ್ಚುಕಮ್ಮಿ ಆರಿಯೇ ಹೋಯಿತು. ಮುಳ್ಳು ಅದೇ ಗೆರೆಯ ಮೇಲೆ, ಕೂದಲೆಳೆಯಷ್ಟೂ ಅಲುಗದೆ ಕೂತಿತ್ತು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬಂತಾಗಿತ್ತು ನಮ್ಮ ಕಥೆ. ಯಂತ್ರ ಕೆಟ್ಟದಾಗಿ ಬೆಸೆಯುತ್ತಿತ್ತು, ಮೀಟರು ಹೌದಪ್ಪಾ ಎನ್ನುತ್ತಿತ್ತು.

ಹೊರಗಿನ ಬಿಸಿಲಿಗೆ ತಂದು ಭೂತಗನ್ನಡಿ ಹಿಡಿದು ನೋಡಿದೆವು. ಕಿಡಿ ಹಾರಿಸುವ ಸೂಜಿಗಳ ಮೊನೆ ಸವೆದು ಮೊಂಡಾಗಿ, ಮೇಲೆ ಕರಕಲು ಕಟ್ಟಿತ್ತು. ಮೀಟರಿಗೆ ಬೆಳಕು ಹೊಗುವ ಗಾಜಿನ ಕಣ್ಣಿನಲ್ಲಿ ಕುಂಕುಮ. ಅದರ ಮೇಲೆ ವರ್ಷವರ್ಷದ ಕರ್ಪೂರದ ಮಸಿ. ಆಯುಧಪೂಜೆಗೆ ನಾವು ಎರಡಕ್ಕೂ ಹಾರ ಹಾಕಿ, ಆರತಿಯ ಹೊಗೆಯನ್ನು ಒಳಗೂ ಹೋಗುವ ಹಾಗೆ ಹಿಡಿಯುತ್ತಿದ್ದೆವು. ಹೆಚ್ಚು ಹೊಗೆ, ಹೆಚ್ಚು ಶ್ರೇಯಸ್ಸು.

ಗುರುಪಾದಯ್ಯನವರು ಕಟ್ಟೆಯ ಮೇಲೆ ಕುಸಿದು ಕೂತರು. "ನಮ್ಮಪ್ಪನ ಕಾಲಕ್ಕ ವರ್ಷಕ್ಕೊಮ್ಮೆ ಇವನ್ನ ಗುಡ್ಡದಾಚೆ, ಮೂಲ ಅಳತಿ ಇಟ್ಟಿರೋ ಮೂಲಮನಿಗೆ ತಗೊಂಡು ಹೋಗಿ ತಾಳೆ ನೋಡಿಸ್ಕೊಂಡು ಬರ್ತಿದ್ರು. ಒಂದ ವರ್ಷ ಇವು ಊರಾಗಿಲ್ಲದಾಗ ಒಬ್ಬ ಮುದುಕನ ಎಳಿ ಹರೀತು. ಬೆಸ್ಯಾಕ ಯಂತ್ರ ಇಲ್ಲ. ಮಗ ಮರೆತಾನಂತ ತಿಳಕೊಂಡೇ ಮುದುಕ ಸತ್ತ. ಅವತ್ತಿಂದ ಇವು ಊರು ಬಿಡಬಾರದು ಅಂತ ಆತು. ಅದರ ಬದ್ಲಿ ಪೂಜಿ ಜೋರು ಮಾಡಿದ್ವಿ." "ಎಷ್ಟು ಮಂದಿಗೆ ಸರಿ ಐತಿ ಅಂದೇನೋ ದ್ಯಾಮಣ್ಣಾ," ಎಂದರು. ನಾನು ಅವರ ಪಕ್ಕ ಕೂತೆ. ಬೆಸೆದ ಕೈ ನನ್ನದೇ ಆಗಿತ್ತು.

ಸುದ್ದಿ ಕೇಳಿ ಕಾಶವ್ವ ಬಂದಳು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ, ಅವಳು ಹೆದರಿದ್ದಳು. "ಬಾಯಿ ಮುಚ್ಚಿಕೊಂಡಿರ್ರಿ," ಎಂದಳು. "ಕತ್ತರಿಸಿಕೊಂಡ ಮನಿಯವರು ಬ್ಯಾರೆ ಸಂಸಾರ ಹೂಡ್ಯಾರ, ಮಕ್ಕಳು ಆಗ್ಯಾವ. ಈಗ ಹೋಗಿ, ಎಳಿ ಸರಿ ಇರಲಿಲ್ಲ, ತಪ್ಪಾತು ಅನ್ಲೇನು? ಆಗಿದ್ದು ಆಗಿಹೋತು."

"ನೀವು ಮುಚ್ಕೊಂಡ್ರ ನನ್ನ ಬಾಯಿ ಮುಚ್ಚತೈತೇನ್ರಿ ಯವ್ವಾ?" ಎಂದಳು ಸಾವಂತ್ರವ್ವ. "ಇವತ್ತು ನನ್ನ ಮ್ಯಾಲ ಬಂತು. ನಾಳೆ ಈ ಕೂಸು ದಿಬ್ಬಕ್ಕ ಹೋಗಾಕಿ."

ಕಾಶವ್ವ ನನ್ನ ಕಡೆ ತಿರುಗಿದಳು. ದನಿ ಇಳಿದಿತ್ತು. "ನಮ್ಮಣ್ಣಂದೂ ಹಿಂಗ ಆಗಿತ್ತೇನೋ?"

ಹೌದೆಂದರೆ ಅವಳು ಮುರಿದುಹೋಗುತ್ತಿದ್ದಳು, ಇಲ್ಲವೆಂದರೆ ಸುಳ್ಳಾಗುತ್ತಿತ್ತು. "ಗೊತ್ತಿಲ್ಲ ಯವ್ವಾ," ಎಂದೆ. "ಅಳತೀನೇ ಸುಳ್ಳಾದಮ್ಯಾಲ ನಮಗ ಯಾರ ಬಗ್ಗೆನೂ ಏನೂ ಗೊತ್ತಿಲ್ಲ."

ಅವಳು ಬಹಳ ಹೊತ್ತು ತನ್ನ ಸೊಂಟದ ಕತ್ತರಿಯನ್ನು ಬೆರಳಲ್ಲಿ ಮುಟ್ಟುತ್ತ ನಿಂತಳು. ಆಮೇಲೆ, "ಹೋಗಿ ತಾಳೆ ನೋಡಿಸ್ಕೊಂಡು ಬಾ. ಅಲ್ಲೀತನ ಯಾರ ಎಳಿನೂ ಹರೀದಿರ್ಲೆಂತ ನಾ ದೇವರಿಗೆ ಹೇಳ್ಕೋತೀನಿ," ಎಂದಳು.

ಎರಡನ್ನೂ ಕಂಬಳಿಯಲ್ಲಿ ಸುತ್ತಿ, ಎದೆಗೆ ಕಟ್ಟಿಕೊಂಡು ಗುಡ್ಡ ಹತ್ತಿದೆ. ಮೂಲಮನೆ ಎಂದರೆ ಒಂದೇ ಕೋಣೆ. ಅಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ಗಾಜಿನ ಕಪಾಟಿನಿಂದ ಮೂಲ ಮೀಟರನ್ನು ತೆಗೆದು ನಮ್ಮದರ ಪಕ್ಕದಲ್ಲಿಟ್ಟಳು. ಒಂದೇ ಬೆಳಕನ್ನು ಎರಡಕ್ಕೂ ಕೊಟ್ಟಳು. ಅದರ ಮುಳ್ಳು ಒಂದು ಕಡೆ ಹೋಯಿತು, ನಮ್ಮದು ಹಸಿರು ಗೆರೆ ಬಿಟ್ಟು ಏಳಲೇ ಇಲ್ಲ.

"ಯಾಕ ಇಷ್ಟು ವರ್ಷ ಬರಲಿಲ್ಲ?" ಎಂದಳು.

"ಪೂಜಾ ಮಾಡತಿದ್ವಿ."

"ಪೂಜಾ ಮಾಡ್ರಿ, ಬ್ಯಾಡ ಅನ್ನೋರ್ಯಾರು? ಆದ್ರ ಅಳತಿ ಮಾಡೋ ವಸ್ತು ದಿನಾ ಒಂದೀಟು ಸರೀತಿರತೈತಿ. ಬಳಸೋರಿಗೂ ಗೊತ್ತಾಗಂಗಿಲ್ಲ, ಅದಕ್ಕೂ ಗೊತ್ತಾಗಂಗಿಲ್ಲ. ತನ್ನ ತಪ್ಪನ್ನ ತಾನೇ ಹೆಂಗ ಅಳೀಬೇಕದು? ಅದಕ್ಕ ವರ್ಷಕ್ಕೊಮ್ಮೆ ಇನ್ನೊಂದರ ಪಕ್ಕ ಕುಂದ್ರಿಸಬೇಕು." ಹೀಗೆ ಹೇಳುತ್ತಲೇ ಮೀಟರಿನ ಕಣ್ಣು ಒರೆಸಿದಳು, ಸಿಕ್ಕಿಕೊಂಡಿದ್ದ ಮುಳ್ಳು ಬಿಡಿಸಿದಳು, ಯಂತ್ರಕ್ಕೆ ಹೊಸ ಸೂಜಿ ಹಾಕಿ ಕಿಡಿಯನ್ನು ತಿದ್ದಿದಳು. ಆ ಕೋಣೆಯಲ್ಲಿ ಯಾರ ದೀಪವೂ ಇರಲಿಲ್ಲ. ಕಾಯುವುದೇನೂ ಇಲ್ಲದ ಮನೆಯಲ್ಲಿ ಕೂತು ಎಷ್ಟು ಕಾಲವಾಗಿತ್ತೋ, ನನಗೆ ನಿದ್ದೆ ಬಂದುಬಿಟ್ಟಿತು.

ಊರಿಗೆ ಬಂದು ನನ್ನ ಹಳೆಯ ಬೆಸುಗೆಗಳನ್ನೆಲ್ಲ ಕತ್ತರಿಸಿ ಹೊಸದಾಗಿ ಬೆಸೆಯತೊಡಗಿದೆ. ಗುರುಪಾದಯ್ಯನವರು ಹಿಂದಿನಿಂದ ಮೀಟರು ಹಿಡಿದು ಬಂದರು. ಒಂದೊಂದು ಬೆಸುಗೆಗೆ ಒಂದೊಂದು ಮನೆ ಹತ್ತುತ್ತ ಹೋಯಿತು. ಸಾವಂತ್ರವ್ವನ ಮನೆಯ ದೀಪ ಜೋರಾದಾಗ ಅವಳು ಅದಕ್ಕೆ ಬೆರಳು ತೋರಿಸಿ, "ಮಗಳು ಹುಟ್ಟಿದ್ದು ಈಗ ಗೊತ್ತಾತೇನು ನಿಮಗ?" ಎಂದು ದಿಬ್ಬದಲ್ಲಿದ್ದ ಗಂಡನನ್ನು ಬೈದಳು, ಬೈಯುತ್ತಲೇ ಅತ್ತಳು. ಎಳೆ ಕತ್ತರಿಸಿಕೊಂಡ ಮನೆಗಳ ಗೂಡುಗಳು ಮಾತ್ರ ಕತ್ತಲಾಗಿಯೇ ಉಳಿದವು. ಅವುಗಳ ಎಳೆಯನ್ನು ಕೆಸರು ಯಾವತ್ತೋ ನುಂಗಿತ್ತು. ಕಾಶವ್ವ ತನ್ನ ಮನೆಯ ಬಾಗಿಲಲ್ಲಿ ಕೂತು ಬೇರೆಯವರ ಬೆಳಕು ನೋಡುತ್ತಿದ್ದಳು.

ನಮ್ಮ ಎಳೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬಯಲಿನ ಅಂಚಿನಲ್ಲಿ ಮೊಣಕಾಲೂರಿ ಬೆಸೆದು, ಮನೆಗೆ ಓಡಿದೆ. ಐವತ್ತು ದಾಟಿದವನು, ಓಣಿಯಲ್ಲಿ ಎಲ್ಲರೆದುರು ಓಡಿದೆ. ಪಡಸಾಲೆಯಲ್ಲಿ ಗುರುಪಾದಯ್ಯನವರು ಮೀಟರು ಹಿಡಿದು, ಕಾಶವ್ವ ಬಾಗಿಲಲ್ಲಿ, ಸಾವಂತ್ರವ್ವ ಕೂಸು ಎತ್ತಿಕೊಂಡು ನಿಂತಿದ್ದರು.

ಸಂಜೆಯಾಯಿತು. ದೀಪ ಮಿಣುಕಿತು. ಹಿಂದೆ ಎಷ್ಟಿತ್ತೋ ಅಷ್ಟೇ.

ಗುರುಪಾದಯ್ಯನವರು ಮೀಟರು ಹಚ್ಚಿದರು, ತೆಗೆದರು, ಅದರ ಕಣ್ಣು ಒರೆಸಿ ಮತ್ತೆ ಹಚ್ಚಿದರು. "ಹೇಳ್ರಿ," ಎಂದೆ. "ಎಳಿ ಸರಿ ಐತಿ, ದ್ಯಾಮಣ್ಣಾ," ಎಂದರು.

ಈ ಸಲ ಅದು ನಿಜವಾಗಿತ್ತು. ಹಿಂದೆ ಆ ಮಾತು ಕೇಳಿದಾಗ ಒಳಗೆಲ್ಲೋ ಒಂದು ಅನುಮಾನ ಉಳಿದಿರುತ್ತಿತ್ತು, ಅದೇ ನನ್ನನ್ನು ಎತ್ತಿ ಹಿಡಿದಿತ್ತು ಎಂದು ಈಗ ಗೊತ್ತಾಯಿತು. ಗುಡ್ಡ ಹತ್ತಿ ಹೋಗಿ ಅದನ್ನೂ ಕಳೆದುಕೊಂಡು ಬಂದಿದ್ದೆ. ನನಗೆ ನನ್ನ ಮೇಲೇ ಸಿಟ್ಟು ಬಂತು. ಸುಮ್ಮನಿದ್ದಿದ್ದರೆ, ಮೀಟರು ಸುಳ್ಳು ಎಂದು ಸಾಯುವವರೆಗೆ ಅಂದುಕೊಂಡಿರಬಹುದಿತ್ತು.

ಕಾಶವ್ವ ಒಳಗೆ ಬಂದಳು. ಕಟ್ಟಳೆ ಕಟ್ಟಳೆಯೇ. ಕತ್ತರಿ ತೆಗೆದು ನನ್ನೆದುರು ಹಿಡಿದಳು. ಕೈ ಚಾಚಿದೆ, ತೆಗೆದುಕೊಳ್ಳಲೆಂದೇ. ಆಗ ದೀಪದ ಬುಡದ ಎಳೆ ಕಣ್ಣಿಗೆ ಬಿತ್ತು. ಅದು ಒಂದೇ ಎಳೆ. ಅವಳ ಬೆಳಕು ಬರುವುದೂ ಅದರಲ್ಲಿ, ನನ್ನದು ಹೋಗುವುದೂ ಅದರಲ್ಲೇ.

"ಯವ್ವಾ, ನಾ ದಿನಾ ಇಲ್ಲಿ ಕುಂತು ನೆನಸೇನಿ. ಒಂದ ಸಂಜಿ ತಪ್ಪಿಸಿಲ್ಲ," ಎಂದೆ. "ಆದ್ರ ಆ ಕೆಟ್ಟ ಬೆಸುಗಿ ದಾಟಿ ಆಕಿಗೆ ಮುಟ್ಟಿದ್ದೆಷ್ಟು? ಆಕಿನೂ ಅಲ್ಲಿ ಮಿಣುಕು ದೀಪದ ಮುಂದ ಕುಂತಾಳ. ಗಂಡ ಮರೆತಾನಂತ ತಿಳಕೊಂಡಾಳ. ಅದಕ್ಕ ಗಾಡಿ ಹತ್ತಲಿಲ್ಲ, ಅದಕ್ಕ ಮನಸ್ಸು ಕಲ್ಲು ಮಾಡ್ಕೊಂಡಾಳ. ಮೊದಲು ನನ್ನ ಬೆಳಕಾದ್ರೂ ಆಕಿಗೆ ಮುಟ್ಟಲಿ. ಆಮ್ಯಾಲ ಕತ್ತರಿ ಕೊಡು."

ಕಾಶವ್ವ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಲಿಲ್ಲ, ಗೂಡಿನಲ್ಲಿ ದೀಪದ ಪಕ್ಕ ಇಟ್ಟಳು. "ನಾನೂ ಹಿಂಗ ಅನ್ನಬೇಕಾಗಿತ್ತು," ಎಂದು ಹೊರಗೆ ಹೋದಳು.

ಅವತ್ತಿನಿಂದ ಸಂಜೆಯಾದರೆ ನನಗೆ ಅದೇ ಕೆಲಸ. ಅವಳನ್ನು ಸುಮ್ಮನೆ ನೆನೆಯುವುದಲ್ಲ, ವಿವರವಾಗಿ ನೆನೆಯುತ್ತಿದ್ದೆ: ರೊಟ್ಟಿ ಬಡಿಯುವಾಗ ನಾಲಿಗೆಯ ತುದಿ ಕಚ್ಚಿಕೊಳ್ಳುವುದು, ನನ್ನ ಅಂಗಿಯ ಗುಂಡಿ ಹಚ್ಚುತ್ತ ನನ್ನನ್ನೇ ಬೈಯುವುದು, ಕೆಮ್ಮು ಬಂದರೂ ನಗು ನಿಲ್ಲಿಸದಿರುವುದು. ದೀಪ ನೋಡಿದರೆ ಪ್ರತಿ ಸಂಜೆಯೂ ಒಂದಿಷ್ಟು ಏರಿದ ಹಾಗೆ ಕಾಣುತ್ತಿತ್ತು. ಓಡಿಹೋಗಿ ಸಾವಂತ್ರವ್ವನನ್ನು ಕರೆತರುತ್ತಿದ್ದೆ. ಅವಳು ನೋಡಿ, "ಹೌದ್ರಿ ಕಾಕಾ, ಏರೇತಿ," ಎನ್ನುತ್ತಿದ್ದಳು. ಗುರುಪಾದಯ್ಯನವರು ಮೀಟರನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದರು. ದೀಪಕ್ಕೆ ಹಚ್ಚಿದರೆ ಬರುವ ಬೆಳಕನ್ನೂ ಅದು ಅಳೆಯುತ್ತದೆ. ಹಚ್ಚಿದರೆ ಮುಳ್ಳು ಅಲ್ಲೇ, ನಿನ್ನೆಯ ಗೆರೆಯ ಮೇಲೆ. ಸಾವಂತ್ರವ್ವನದು ಕರುಣೆ, ನನ್ನದು ಆಸೆ. ಎರಡಕ್ಕೂ ತಾಳೆ ನೋಡುವವರಿಲ್ಲ. ಮೀಟರು ಒಂದೇ ನನಗೆ ಕರುಣೆ ತೋರಿಸದೆ ಇದ್ದದ್ದು.

ಚಳಿ ಇಳಿಯುತ್ತ ಬಂತು. ಬಯಲಿನ ಕೆಸರು ಅಂಚಿನಿಂದ ಬೆಳ್ಳಗೆ ಒಣಗತೊಡಗಿತು. ಗಾಡಿಯವರು ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಒಂದು ಸಂಜೆ ರೊಟ್ಟಿ ಮುರಿಯುತ್ತ ಕೂತವನಿಗೆ ದೀಪ ಏರಿದ ಹಾಗೆ ಕಂಡಿತು. ನಾನು ಏಳಲಿಲ್ಲ, ಯಾರನ್ನೂ ಕರೆಯಲಿಲ್ಲ. ದಿನಾ ಕಾಣುವುದೇ ಅಲ್ಲವೇ ಎಂದು ಊಟ ಮುಗಿಸಿ, ಕೈ ತೊಳೆದು, ಒರೆಸಿಕೊಂಡು, ಮೀಟರು ಹಚ್ಚಿದೆ. ಮುಳ್ಳು ಒಂದು ಗೆರೆ ಮೇಲೆ ನಿಂತಿತು.

ತೆಗೆದು, ಅದರ ಕಣ್ಣು ಒರೆಸಿ, ಮತ್ತೆ ಹಚ್ಚಿದೆ. ಒಂದು ಗೆರೆ ಮೇಲೆ. ಇಷ್ಟು ದಿನ ಇಲ್ಲ ಇಲ್ಲ ಎಂದೇ ಹೇಳಿದ ಮೀಟರು ಈಗ ಹೌದು ಎನ್ನುತ್ತಿತ್ತು, ಹಾಗಾಗಿ ನಂಬಿದೆ. ಅದನ್ನು ಮಡಿಲಲ್ಲಿಟ್ಟುಕೊಂಡು ಗೂಡಿನ ಕೆಳಗೆ ಕೂತು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ನೀಲವ್ವನಿಗೆ ಗಾಡಿಯಲ್ಲಿ ಒಂದು ಜಾಗ ಹೇಳಿ ಬರಲು ಹೊರಟೆ.